ನಮ್ಮ ಲಾ ಕಾಲೇಜಿನಿಂದ ಜಿಲ್ಲಾ ಜೈಲಿನಲ್ಲಿ ಕಾನೂನು ಅರಿವು ಕಾರ್ಯಕ್ರಮ ಮಾಡ್ತಿದ್ದೀವಿ. ಯಾವ ವಿಷಯ ಮಾತಾಡಿದ್ರೆ ಕೈದಿಗಳಿಗೆ ಉಪಯೋಗ ಆಗುತ್ತೆ?

ಯಾವ ವಿಷಯ ಬೇಕಾದರೂ ಮಾತಾಡಿ, ಅದರಿಂದ ಏನೂ ಆಗಲ್ಲ. ಒರಟು ಅನ್ನಿಸಿದರೆ ಕ್ಷಮಿಸಿ. ಓದುವಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಿದ್ದೆ. "ಮೂಲಭೂತ ಹಕ್ಕು ಇಟ್ಕೊಳಯ್ಯ, ಸೇಫು" ಅಂದಿದ್ದರು.

2015ರ ನವೆಂಬರ್ 9, ಕಾನೂನು ಸೇವೆಗಳ ದಿನ. ಹಳೇ ಮೈಸೂರು ಕಡೆಯ ಒಂದು ಜಿಲ್ಲಾ ಕಾರಾಗೃಹ. ನಾವು ಹದಿನೆಂಟು ಜನ, ಒಂದು ಫ್ಲೆಕ್ಸು, ಎರಡು ಡಬ್ಬ ಬಿಸ್ಕತ್ತು. ಗೇಟಲ್ಲಿ ಮೊಬೈಲು, ಪರ್ಸು ಎಲ್ಲ ಇಸ್ಕೊಂಡು ಕೈಗೆ ನೀಲಿ ಸೀಲು ಹಾಕಿದರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಸಂವಿಧಾನದ 21ನೇ ವಿಧಿ, 22ನೇ ವಿಧಿ, 39ಎ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ಎಷ್ಟು ಅಂತ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತೆಲ್ಲ. ನೆಲದ ಮೇಲೆ ಸಾಲಾಗಿ ಕೂತಿದ್ದವರು ಚಪ್ಪಾಳೆಯನ್ನೂ ತಟ್ಟಿದರು.

ಆಮೇಲೆ "ಏನಾದ್ರೂ ಕೇಳೋದಿದ್ರೆ ಕೇಳಿ" ಅಂದೆ. ಒಬ್ಬರೂ 21ನೇ ವಿಧಿ ಬಗ್ಗೆ ಕೇಳಲಿಲ್ಲ. ಎಲ್ಲರೂ ಅವರವರ ಕೇಸಿನ ಬಗ್ಗೆ ಕೇಳಿದರು. ಡೇಟ್ ಯಾವಾಗ, ವಕೀಲರು ಯಾರು, ಊರಿಗೆ ಯಾರಾದರೂ ಫೋನ್ ಮಾಡ್ತೀರಾ.

ಕೊನೆಯ ಸಾಲಿನಲ್ಲಿದ್ದ ಒಬ್ಬರು ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಜೆರಾಕ್ಸ್ ಕಾಗದ ತೆಗೆದು ಕೊಟ್ಟರು. ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿತ್ತು. ಯಾದಗಿರಿ ಕಡೆಯವರು, ಗಾರೆ ಕೆಲಸಕ್ಕೆ ಬಂದವರು. ಸೈಟಿನಿಂದ ಕಬ್ಬಿಣದ ರಾಡು ಕದ್ದರು ಅಂತ ಐಪಿಸಿ 379, ಅಂದರೆ ಕಳ್ಳತನದ ಕೇಸು. ಜುಲೈನಲ್ಲಿ ಹಿಡಿದಿದ್ದು. ಆ ಕಾಗದ ಏನು ಗೊತ್ತಾ? ಜಾಮೀನಿನ ಆದೇಶ. ಸೆಪ್ಟೆಂಬರಿನಲ್ಲೇ ಬೇಲ್ ಆಗಿದೆ! 25,000 ರೂಪಾಯಿ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ, ಅಂದರೆ ಜಾಮೀನು ನಿಲ್ಲುವವರು. ಶ್ಯೂರಿಟಿ ಅಂದರೆ ಪಹಣಿ ಬೇಕು. ಹೆಂಡತಿ ಹೆಸರಲ್ಲಿ ಜಮೀನಿಲ್ಲ, ಇರೋದು ದೊಡ್ಡಪ್ಪನ ಹೆಸರಲ್ಲಿ. ಅವರು ಪಹಣಿ ಹಿಡಿದುಕೊಂಡು ಯಾದಗಿರಿಯಿಂದ ಇಲ್ಲಿವರೆಗೆ ಬರಬೇಕು. ಬರಲಿಲ್ಲ. ಹಾಗಾಗಿ ಬೇಲ್ ಸಿಕ್ಕ ಮನುಷ್ಯ ಎರಡು ತಿಂಗಳಿಂದ ಒಳಗೇ ಇದ್ದರು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಸಹಿಸಿಕೊಳ್ಳಿ.

ಮಾರನೇ ದಿನ ನರಕ ಚತುರ್ದಶಿ. ಎಲ್ಲರಿಗೂ ಊರಿನ ಬಸ್ಸಿನ ಚಿಂತೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಇಷ್ಟೇ: "ಹನುಮಂತ, ಯಾದಗಿರಿ, ಬೇಲ್ ಆಗಿದೆ, ಶ್ಯೂರಿಟಿ ಇಲ್ಲ." ಆದೇಶ ಕೈಯಲ್ಲೇ ಇತ್ತು. ಕ್ರೈಂ ನಂಬರ್ (ಠಾಣೆಯ ಎಫ್ಐಆರ್ ನಂಬರ್), ಠಾಣೆ, ಕೋರ್ಟು, ಸಿ.ಸಿ. ನಂಬರ್ (ಕೋರ್ಟಿನ ಕೇಸ್ ನಂಬರ್), ತಂದೆ ಹೆಸರು, ಎಲ್ಲ ಅದರಲ್ಲೇ ಇತ್ತು. ಎರಡು ನಿಮಿಷದ ಕೆಲಸ. ಮಾಡಲಿಲ್ಲ. "ಮುಂದಿನ ವಾರ ಬರ್ತೀನಿ" ಅಂತ ಬೇರೆ ಹೇಳಿದೆ.

ಹಬ್ಬ ಮುಗಿಸಿ ಬಂದು ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಪಟ್ಟಿ ಕೊಟ್ಟೆ. ಸುಮ್ನೆ ಇರಲಿಲ್ಲ ಅನ್ನೋ ಸಮಾಧಾನಕ್ಕೆ ಇದನ್ನು ಹೇಳ್ತಿದ್ದೀನಿ. ಹತ್ತು ದಿನದ ಮೇಲೆ ಉತ್ತರ ಬಂತು: ಹನುಮಂತ ಬಿಡುಗಡೆಯಾಗಿದ್ದಾರೆ. ನನಗೋ ಖುಷಿ. ಸ್ನೇಹಿತರಿಗೆ ಚಹಾ ಕೊಡಿಸಿದೆ. ಪರೀಕ್ಷೆ ಬಂತು, ಓದಿಗೆ ಕೂತೆ.

ಬಿಡುಗಡೆಯಾಗಿದ್ದು ಬೇರೆ ಹನುಮಂತ. ಆ ಜೈಲಿನಲ್ಲಿ ಮೂವರಿದ್ದರು. ನಮ್ಮವರ ಹೆಸರು ದಾಖಲೆಯಲ್ಲಿ "ಹಣಮಂತ". ಆ ಕಡೆ ಹಾಗೇ ಹೇಳೋದು, ಹಾಗೇ ಬರೆಯೋದು. ಅವರು ಬಾಯಿಬಿಟ್ಟು ಹಣಮಂತ ಅಂತಲೇ ಹೇಳಿದ್ದರು. ನಾನು ನಮ್ಮ ಕಡೆಯ ಕಿವಿಯಲ್ಲಿ ಕೇಳಿಸಿಕೊಂಡು ಹನುಮಂತ ಅಂತ ತಿದ್ದಿ ಬರೆದಿದ್ದೆ. ಕಚೇರಿಯವರ ತಪ್ಪೇನಿದೆ? ನಾನು ಕೊಟ್ಟ ಹೆಸರನ್ನು ಹುಡುಕಿದರು, ಆ ಹೆಸರಿನವರು ಸಿಕ್ಕರು. ಕ್ರೈಂ ನಂಬರ್ ಒಂದು ಬರೆದಿದ್ದರೆ ಈ ಗೊಂದಲಕ್ಕೆ ಜಾಗವೇ ಇರಲಿಲ್ಲ.

2016ರ ಮಾರ್ಚಿನಲ್ಲಿ ಇನ್ನೊಂದು ಕಾರ್ಯಕ್ರಮಕ್ಕೆ ಅದೇ ಜೈಲಿಗೆ ಹೋದೆ. ಅದೇ ಕೊನೆಯ ಸಾಲು, ಅದೇ ಮನುಷ್ಯ. ಅವರಿಗೆ ನನ್ನ ಮುಖ ನೆನಪಿತ್ತು. "ಸರ್, ಹೋದ ಸಲ ಬರಕೊಂಡು ಹೋಗಿದ್ರಲ್ರಿ, ಏನಾತ್ರಿ?" ಅಂದರು. ಸಿಟ್ಟಿನಲ್ಲಿ ಕೇಳಲಿಲ್ಲ. ಬಸ್ಸು ಎಷ್ಟೊತ್ತಿಗೆ ಅಂತ ಕೇಳೋ ಹಾಗೆ ಕೇಳಿದರು. ನನಗೆ ಬಾಯೇ ಬರಲಿಲ್ಲ.

ಈ ಸಲ ಎಲ್ಲ ಬರೆದುಕೊಂಡೆ. ಪ್ರಾಧಿಕಾರದ ಪ್ಯಾನೆಲ್ ವಕೀಲರೊಬ್ಬರು ಒಂದು ಪುಟದ ಅರ್ಜಿ ಹಾಕಿದರು: ಶ್ಯೂರಿಟಿ ಬದಲು ನಗದು ಠೇವಣಿ ಇಡೋಕೆ ಬಿಡಿ. ಅರ್ಜಿಯಲ್ಲಿ ಅವರು ಹೆಸರಿಸಿದ್ದು ಸುಪ್ರೀಂ ಕೋರ್ಟಿನ 1978ರ ಮೋತಿರಾಂ ತೀರ್ಪನ್ನು. ಅದೂ ಒಬ್ಬ ಗಾರೆ ಕೆಲಸದವನ ಕೇಸೇ. ಶ್ಯೂರಿಟಿ ಕೊಡೋಕೆ ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟ್ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. ನಮ್ಮ ಕೋರ್ಟು 5,000 ಕಟ್ಟಿ ಅಂತು. ಮೇಸ್ತ್ರಿ ಕಟ್ಟಿದ. ಕೋರ್ಟಿನಲ್ಲಿ ಆಗಿದ್ದು ಹತ್ತು ನಿಮಿಷದ ಕೆಲಸ. ಅಷ್ಟಕ್ಕೆ ಅವರು ನಾಲ್ಕು ತಿಂಗಳು ಜಾಸ್ತಿ ಕಾದಿದ್ದರು, ನನ್ನ ಒಂದು ಅಕ್ಷರಕ್ಕಾಗಿ.

ಹಾಗಾಗಿ ನಿಮಗೆ ನಾನು ಹೇಳೋದು, ಭಾಷಣದ ವಿಷಯ ಬಿಡಿ. ಫ್ಲೆಕ್ಸ್ ದುಡ್ಡಲ್ಲಿ ನಾಲ್ಕು ರಿಜಿಸ್ಟರ್ ತಗೊಳ್ಳಿ. ಎದುರಿಗೆ ಕೂತವರಿಗೆ ಹಕ್ಕು ಗೊತ್ತಿಲ್ಲ ಅನ್ನೋದು ನಾವು ಕಾಲೇಜಿನವರು ಮಾಡಿಕೊಂಡಿರೋ ಕಲ್ಪನೆ. ಕಸ್ಟಡಿ, ಚಾರ್ಜ್‌ಶೀಟು, ಬಾಡಿ ವಾರೆಂಟು, ಇವೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗಿಲ್ಲದ್ದು ಹೊರಗಡೆ ಓಡಾಡುವ ಎರಡು ಕಾಲು.

ಈಗ ಹೊಸ ಹುಡುಗರೆಲ್ಲ ಬಿಎನ್‌ಎಸ್‌ಎಸ್ 479 (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನಿನ ಕಲಂ) ಅಂತ ಕ್ಯಾಲ್ಕುಲೇಟರ್ ಹಿಡಿದು ಹೋಗ್ತಾರೆ. ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆಗೆ ಅರ್ಹ, ಉಳಿದವರು ಅರ್ಧ. ಒಳ್ಳೆಯದೇ, ಲೆಕ್ಕ ಹಾಕಿ. ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೆ, ಜೀವಾವಧಿ ಇಲ್ಲವೇ ಮರಣದಂಡನೆಯ ಅಪರಾಧಕ್ಕೆ ಇದು ಸಿಗಲ್ಲ ಅನ್ನೋದೂ ನೆನಪಿರಲಿ. ಆದರೆ ಹಣಮಂತ ಅವರಂಥವರು ಈ ಲೆಕ್ಕಕ್ಕೆ ಬರೋದೇ ಇಲ್ಲ. ಕಳ್ಳತನಕ್ಕೆ ಮೂರು ವರ್ಷ ಅಂದರೆ ಮೂರನೇ ಒಂದು ಭಾಗ ಒಂದು ವರ್ಷ. ಅವರು ಸಿಕ್ಕಿಕೊಂಡಿದ್ದು ಅದಕ್ಕೂ ಮೊದಲೇ, ಬೇಲ್ ಆದ ಮೇಲೆ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಇದಾಗಿರಲಿ: "ಬೇಲ್ ಆಗಿಯೂ ಒಳಗಿರೋರು ಯಾರು?" 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ನಿಮ್ಮ ಕೈಯಲ್ಲಿರಲಿ. ಬೇಲ್ ಆಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡ್ ಕೊಡೋಕೆ ಆಗದಿದ್ದರೆ ಕೋರ್ಟ್ ತಾನೇ ಷರತ್ತು ಸಡಿಲಿಸಬಹುದು. ಅದೇ ವರ್ಷ ಬಂದ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನರಿಗೆ ಹಣದ ನೆರವು ಸಿಗೋಕೆ ದಾರಿ ಇದೆ. ಇದೆಲ್ಲ ತಾನಾಗಿ ಆಗಲ್ಲ. ಯಾರೋ ಒಬ್ಬರು ಹೋಗಿ ಕೇಳಬೇಕು.

ಎರಡನೇ ವಾರ ಯಾರು ಹೋಗ್ತೀರಿ ಅಂತ ಈಗಲೇ ತೀರ್ಮಾನ ಮಾಡಿ. ಯಾರೂ ಇಲ್ಲ ಅಂದರೆ ಮೊದಲನೇ ವಾರವೂ ಹೋಗಬೇಡಿ. ಇದು ನನ್ನ ಹಟ ಅಂದುಕೊಂಡರೂ ಪರವಾಗಿಲ್ಲ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ನಡೀತಿರೋದು ಸಮಾಜ ಕಾರ್ಯಕರ್ತರು ಮತ್ತೆ ಮತ್ತೆ ಜೈಲಿಗೆ ಹೋಗೋದರಿಂದ. ನಮ್ಮಲ್ಲೇ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳ ಕೈಲಿ ನಾಟಕ ಮಾಡಿಸಿದ್ದು ನೋಡಿ. ನಾಟಕ ಅಂದರೆ ದಿನಾ ತಾಲೀಮು ಬೇಕು, ಒಂದು ದಿನ ಹೋಗಿ ಫೋಟೊ ತೆಗೆಸಿಕೊಂಡು ಬಂದರೆ ಆಗುತ್ತಾ?

ಅನುಮತಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಎರಡು ಪತ್ರ ಬರೆಯಿರಿ, ಒಂದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ, ಇನ್ನೊಂದು ಜೈಲು ಸೂಪರಿಂಟೆಂಡೆಂಟ್‌ಗೆ. ಪೆನ್ನು, ರಿಜಿಸ್ಟರ್ ಒಳಗೆ ತರ್ತೀವಿ ಅಂತ ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಗೇಟಲ್ಲಿ ತಕರಾರು ತೆಗೆಯಬಹುದು.

ರಿಜಿಸ್ಟರಿನಲ್ಲಿ ಹೆಸರಿನ ಕಾಲಂ ಕೊನೆಗಿರಲಿ. ಮೊದಲು ಕ್ರೈಂ ನಂಬರ್, ಆಮೇಲೆ ಠಾಣೆ, ಕೋರ್ಟು, ಸಿ.ಸಿ. ನಂಬರ್, ಜೈಲಿನ ಯು.ಟಿ. (ವಿಚಾರಣಾಧೀನ ಕೈದಿ) ನಂಬರ್, ತಂದೆ ಹೆಸರು. ಹೆಸರನ್ನು ಅವರು ಹೇಳಿದ ಹಾಗೇ ಬರೆದು, ಪಕ್ಕದಲ್ಲಿ ವಾರೆಂಟಿನಲ್ಲಿ ಹೇಗಿದೆಯೋ ಹಾಗೂ ಬರೆಯಿರಿ. ಬರೆದಿದ್ದನ್ನು ಅವರಿಗೊಮ್ಮೆ ಓದಿ ಹೇಳಿ.