ಡಾನ್ ರಿಕಲ್ಸ್ ಬೈದರೆ ಎಲ್ಲರೂ ನಗ್ತಿದ್ದರು, ಗೆಳೆಯನ ಮದುವೆಯಲ್ಲಿ ನಾನು ಬೈದರೆ ನಗ್ತಾರಾ?

ಗೆಳೆಯನ ರಿಸೆಪ್ಷನ್‌ನಲ್ಲಿ ಮೈಕ್ ಹಿಡಿದು ಅವನನ್ನ ‘ರೋಸ್ಟ್’ ಮಾಡು, ಅಂದ್ರೆ ಎಲ್ಲರೆದುರು ತಮಾಷೆಗೆ ಬೈದು ಕಾಲೆಳಿ ಅಂತ ನಿಮಗೆ ದುಂಬಾಲು ಬಿದ್ದಿದ್ದಾರೆ, ತಯಾರಿಗೆ ಅಂತ ನೀವು ಅಮೆರಿಕದ ಹಾಸ್ಯಗಾರ ಡಾನ್ ರಿಕಲ್ಸ್ ವಿಡಿಯೊ ನೋಡಿದ್ದೀರಿ. ಈ ಮನುಷ್ಯ ಯಾರು, ಬೈಸಿಕೊಂಡವರು ಯಾಕೆ ಸಿಟ್ಟಾಗ್ತಿರಲಿಲ್ಲ, ನಮ್ಮ ತುಮಕೂರಲ್ಲಿ ಇದು ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತೆ. ಆದರೆ ಆತನ ಬೈಗುಳಗಳನ್ನೇ ಎತ್ತಿಕೊಂಡು ಬಂದರೆ ನಡೆಯಲ್ಲ.

ರಿಕಲ್ಸ್ ಹುಟ್ಟಿದ್ದು 1926ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನ ಒಂದು ಯಹೂದಿ ಕುಟುಂಬದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯಲ್ಲಿದ್ದ. ವಾಪಸ್ ಬಂದು ನಟನಾಗಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್‌ನಲ್ಲಿ ಓದಿದ. ಪಾತ್ರಗಳು ಸಿಗಲಿಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಜೋಕ್ ಹೇಳೋಕೆ ನಿಂತ. ಕುಡಿದು ಬಂದವರು ಮಧ್ಯೆ ಬಾಯಿ ಹಾಕೋರು, ಈತ ಅಲ್ಲೇ ತಿರುಗಿಸಿ ಕೊಡೋನು. ಸಿದ್ಧ ಮಾಡ್ಕೊಂಡು ಬಂದ ಜೋಕಿಗಿಂತ ಆ ತಿರುಗೇಟಿಗೇ ಜನ ಹೆಚ್ಚು ನಗ್ತಿದ್ದರು. ಆತ ಜೋಕನ್ನ ಬಿಟ್ಟು ತಿರುಗೇಟನ್ನ ಹಿಡ್ಕೊಂಡ. ಅರವತ್ತು ವರ್ಷ ಅದೇ ಅನ್ನ ಹಾಕ್ತು.

ಹಣೆಬರಹ ಬದಲಾಗಿದ್ದು 1957ರಲ್ಲಿ, ಮಯಾಮಿ ಬೀಚ್‌ನ ಒಂದು ಕ್ಲಬ್ಬಿನಲ್ಲಿ. ಫ್ರಾಂಕ್ ಸಿನಾತ್ರಾ ಒಳಗೆ ಬಂದ. ಗಾಯಕನಾಗಿ ಎಷ್ಟು ದೊಡ್ಡವನೋ ಮುಂಗೋಪಕ್ಕೂ ಅಷ್ಟೇ ಹೆಸರುವಾಸಿ, ಕೈ ಮಾಡಿದ ಕತೆಗಳು ಪತ್ರಿಕೆಗಳಲ್ಲಿ ಬಂದಿದ್ದವು. ಹೆಸರಿಲ್ಲದ ಈ ಬೋಳುತಲೆಯವನು ವೇದಿಕೆಯಿಂದಲೇ, “ಬಾ ಫ್ರಾಂಕ್, ನಿನ್ನ ಮನೆ ಅಂದ್ಕೋ. ಯಾರಿಗಾದ್ರೂ ಒಂದೇಟು ಹಾಕು” ಅಂದ. ಸಿನಾತ್ರಾ ಬಿದ್ದು ಬಿದ್ದು ನಕ್ಕ. ಆಮೇಲೆ ತನ್ನ ಸ್ನೇಹಿತರನ್ನೆಲ್ಲ ಕರ್ಕೊಂಡು ಬಂದು ಬೈಸಿಕೊಳ್ಳೋಕೆ ಕೂರಿಸ್ತಿದ್ದ. ಲಾಸ್ ವೇಗಾಸ್‌ನಲ್ಲಿ ರಿಕಲ್ಸ್ ಕೈಲಿ ಬೈಸಿಕೊಳ್ಳೋದೇ ಒಂದು ಪ್ರತಿಷ್ಠೆ ಆಗೋಯ್ತು. ಆತನ ಬಾಯಿಗೆ ಸಿಗಲಿಲ್ಲ ಅಂದ್ರೆ ನೀವು ಲೆಕ್ಕಕ್ಕೇ ಇಲ್ಲ ಅಂತ ಅರ್ಥ.

ಆ ಮಾತಿನಲ್ಲಿ ಒಂದನ್ನ ಗಮನಿಸಿ. ಆ ಕೋಣೆಯಲ್ಲಿ ಯಾರನ್ನ ಕಂಡರೆ ಎಲ್ಲರಿಗೂ ಭಯವೋ ಮೊದಲ ಏಟು ಅವನಿಗೇ ಬಿತ್ತು. ಎಲ್ಲರ ಮನಸ್ಸಲ್ಲಿದ್ದು ಯಾರೂ ಆಡದ ಮಾತು ಅದು. 1985ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಎರಡನೇ ಸಲ ಅಧಿಕಾರ ವಹಿಸಿಕೊಂಡಾಗ ನಡೆದ ಸಮಾರಂಭದಲ್ಲೂ ಅಷ್ಟೆ. ವಯಸ್ಸಾಗಿದ್ದ ಅಧ್ಯಕ್ಷನ ಮುಖ ನೋಡಿ, “ನಾನು ಮಾತಾಡ್ತಿರೋದು ಫಾಸ್ಟ್ ಆಯ್ತಾ, ರಾನಿ?” ಅಂದ. ದೊಡ್ಡವರಿಗೆ ಬಿದ್ದ ಮೇಲೆ ಮೂರನೇ ಸಾಲಲ್ಲಿ ಕೂತ ಅಂಗಡಿಯವನಿಗೆ ಬಿದ್ದರೂ ಅವನಿಗೆ ಅವಮಾನ ಅನ್ನಿಸಲ್ಲ, ಅಧ್ಯಕ್ಷನ ಪಂಕ್ತಿಯಲ್ಲೇ ಎಲೆ ಹಾಕಿದ ಹಾಗೆ.

ಇನ್ನೊಂದು, ಆತನಿಗೂ ಬೀಳ್ತಿತ್ತು. ಜಾನಿ ಕಾರ್ಸನ್ ಅಂತ ಅಮೆರಿಕದ ರಾತ್ರಿ ಟಿವಿಯ ದೊರೆ ಇದ್ದ. 1976ರಲ್ಲಿ ಒಂದು ದಿನ ಕಾರ್ಸನ್ ಇಲ್ಲದಾಗ ಅವನ ಶೋಗೆ ಬಂದ ರಿಕಲ್ಸ್, ಮೇಜಿನ ಮೇಲಿದ್ದ ಅವನ ಸಿಗರೇಟ್ ಪೆಟ್ಟಿಗೆ ಮುರಿದ. ವಾಪಸ್ ಬಂದ ಕಾರ್ಸನ್‌ಗೆ ಕಾರ್ಯಕ್ರಮದ ನಡುವೆಯೇ ವಿಷಯ ಗೊತ್ತಾಯ್ತು. ಮುರಿದ ಪೆಟ್ಟಿಗೆ ಕೈಲಿ ಹಿಡಿದು, ಕ್ಯಾಮೆರಾನ ಹಿಂದೆ ಕರ್ಕೊಂಡು, ಪಕ್ಕದ ಸ್ಟುಡಿಯೋಗೆ ಸೀದಾ ನುಗ್ಗಿದ. ಅಲ್ಲಿ ರಿಕಲ್ಸ್ ಸಮವಸ್ತ್ರ ತೊಟ್ಟು ತನ್ನ ಧಾರಾವಾಹಿಯ ಶೂಟಿಂಗ್‌ನಲ್ಲಿದ್ದ. ಊರಿಗೆಲ್ಲ ಬೈಯೋ ಆಸಾಮಿ ಆವತ್ತು ತಬ್ಬಿಬ್ಬಾದ. ರಿಕಲ್ಸ್‌ನ ಒಂದೇ ಒಂದು ವಿಡಿಯೊ ನೋಡ್ತೀರಿ ಅಂದ್ರೆ ಇದನ್ನ ನೋಡಿ.

ಮನೆಯಲ್ಲಿ ಮಾತ್ರ ಅಮ್ಮನ ಮಗ. ಮದುವೆ ಆಗಿದ್ದು 38ನೇ ವಯಸ್ಸಿಗೆ, 2017ರಲ್ಲಿ 90ನೇ ವಯಸ್ಸಿಗೆ ಸಾಯೋತನಕ ಒಬ್ಬಳೇ ಹೆಂಡತಿ. ಇಂದಿನ ಮಕ್ಕಳಿಗೆ ಗೊತ್ತಿರೋದು ಟಾಯ್ ಸ್ಟೋರಿಯ ಆಲೂಗಡ್ಡೆ ಗೊಂಬೆಯ ದನಿ.

ಹಾಗಂತ ಆತನನ್ನ ಪೂಜೆ ಮಾಡೋಕೆ ನಾನು ತಯಾರಿಲ್ಲ. ಜನಾಂಗ, ಬಣ್ಣ, ಧರ್ಮ ಹಿಡಿದು ಆಡಿದ ಮಾತುಗಳು ರಾಶಿ ಇವೆ. ಎಲ್ಲರಿಗೂ ಸಮನಾಗಿ ಬೈತೀನಿ ಅನ್ನೋದು ಆತನ ಸಮರ್ಥನೆ. ಆದರೆ ಎಲ್ಲರಿಗೂ ನೋವು ಸಮನಾಗಿ ಆಗಲ್ಲ. ಅವನ್ನ ಕನ್ನಡಕ್ಕೆ ತಿರುಗಿಸಿ ಜಾತಿ ಹೆಸರು ಹಾಕೋ ಯೋಚನೆ ಇದ್ದರೆ ಈಗಲೇ ಬಿಡಿ.

ನಮ್ಮ ಕಡೆ ಮದುವೆಯಲ್ಲಿ ಬೈಯೋದೇನು ಹೊಸದಾ? ಬೀಗರ ಹಾಡು ಕೇಳಿಲ್ವಾ? ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆ ಹಳ್ಳಿಗಳ ವಯಸ್ಸಾದ ಹೆಂಗಸರನ್ನ ಕೇಳಿ. ಹೆಣ್ಣಿನ ಕಡೆಯವರು ಗಂಡಿನ ಕಡೆಯ ಬೀಗಿತ್ತಿಯ ಮೂಗು, ನಡಿಗೆ, ಜಿಪುಣತನ, ಪಾಯಸಕ್ಕೆ ಎಷ್ಟು ಸಲ ಕೈ ಚಾಚಿದಳು ಅನ್ನೋದು, ಎಲ್ಲಾನೂ ರಾಗವಾಗಿ ಹಾಡೋರು. ಆ ಕಡೆಯವರು ಸುಮ್ಮನೆ ಕೂರ್ತಿರಲಿಲ್ಲ, ಅವರದ್ದೂ ಒಂದು ಹಾಡು ಬರ್ತಿತ್ತು. ಬೀಗರನ್ನ ಬೈಯಬಹುದು, ಯಾಕಂದ್ರೆ ಅವರಿಗೆ ವಾಪಸ್ ಬೈಯೋ ಹಕ್ಕು ಇದೆ. ಕೆಲಸಕ್ಕೆ ಬಂದವರ ಮೇಲೆ ಯಾರೂ ಹಾಡು ಕಟ್ಟುತ್ತಿರಲಿಲ್ಲ.

ಈಗಿನ ಮದುವೆ ಆಂಕರ್‌ಗಳು ಎಡವೋದು ಇಲ್ಲೇ. ಮೈಕ್ ಸಿಕ್ಕಿದ ಕೂಡಲೇ ದಪ್ಪಗಿರೋ ಹುಡುಗಿ, ಕಪ್ಪಗಿರೋ ತಮ್ಮ, ನೀರಿನ ಬಾಟಲಿ ಹಂಚೋ ಹುಡುಗ, ಇವರನ್ನೇ ಹುಡುಕ್ತಾರೆ. ಮದುವೆಗೆ ದುಡ್ಡು ಕೊಟ್ಟ ಮಾವನ ತಂಟೆಗೆ ಮಾತ್ರ ಹೋಗಲ್ಲ. ನಮ್ಮ ಜಿಲ್ಲೆಯಲ್ಲೇ ತಿಪಟೂರಿನ ನರಸಿಂಹರಾಜು ಅವರು ತಮ್ಮ ಹಲ್ಲನ್ನೇ ಮುಂದಿಟ್ಟು ಇಡೀ ಕರ್ನಾಟಕನ ನಗಿಸಿದರು. ಮಾಸ್ಟರ್ ಹಿರಣ್ಣಯ್ಯನವರು ನಾಟಕದ ನಡುವೆ ರಾಜಕಾರಣಿಗಳನ್ನ ಹೆಸರು ಹಿಡಿದು ಜಾಡಿಸೋರು. ಒಬ್ಬರು ಏಟನ್ನ ತಮ್ಮ ಮೇಲೆ ತಗೊಂಡರು, ಇನ್ನೊಬ್ಬರು ಮೇಲಿನವರಿಗೆ ಕೊಟ್ಟರು.

ನಿಮ್ಮ ವಿಷಯಕ್ಕೆ ಬರ್ತೀನಿ. ರಿಸೆಪ್ಷನ್‌ನಲ್ಲಿ ದಯವಿಟ್ಟು ಮಾಡಬೇಡಿ. ವೇದಿಕೆ ಮುಂದೆ ಫೋಟೋ ಕ್ಯೂ, ಊಟದ ಹಾಲ್‌ನಲ್ಲಿ ಕುರ್ಚಿ ಹಿಡಿಯೋ ಗಲಾಟೆ, ನಿಮ್ಮ ಮಾತು ಕೇಳೋದು ಆರ್ಕೆಸ್ಟ್ರಾದವನೊಬ್ಬನೇ. ಬೀಗರೂಟದ ದಿನ ಇಟ್ಕೊಳ್ಳಿ. ಮುದ್ದೆ, ಮಟನ್ ಸಾರು ಮುಗಿದು ಎಲೆ ಅಡಿಕೆ ಕೈಗೆ ಬಂದಿರುತ್ತೆ, ಎರಡೂ ಕಡೆಯವರು ಅಲ್ಲೇ ಇರ್ತಾರೆ. ಮೊದಲು ನಿಮ್ಮನ್ನೇ ಸ್ವಲ್ಪ ಬೈದುಕೊಳ್ಳಿ, ಆಮೇಲೆ ಎಲ್ಲರೂ ಹೆದರೋ ಆ ಸೋದರಮಾವನಿಗೆ ಒಂದು ಹಾಕಿ, ಮದುಮಗ ಆಮೇಲೆ. ಹುಡುಗಿ ಕಡೆಯವರನ್ನ ಮೊದಲ ದಿನವೇ ಮುಟ್ಟಬೇಡಿ, ಅವರೇ “ನಮಗೇನೂ ಇಲ್ವಾ?” ಅಂತ ಕೇಳಿದರೆ ಬೇರೆ ಮಾತು. ಮುಗಿದ ಮೇಲೆ ಮೈಕನ್ನ ಮದುಮಗನ ಕೈಗೆ ಕೊಡಿ. ಅವನ ಹತ್ರ ನಿಮ್ಮ ಹಾಸ್ಟೆಲ್ ದಿನಗಳ ಕತೆಗಳು ಇದ್ದೇ ಇರ್ತಾವೆ.