ರ‍್ಯಾಂಪ್ ಉಜ್ಜುವ ಮೊದಲು ಮ್ಯಾಗಜಿನ್‌ಗೆ ನಂಬರು ಹಾಕಿ

ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಆಗಾಗ ಗುಂಡು ಚೇಂಬರಿಗೆ (ನಳಿಗೆಯ ಹಿಂಭಾಗದಲ್ಲಿ ಗುಂಡು ಕೂರುವ ಜಾಗ) ಹೋಗದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಫೀಡ್ ರ‍್ಯಾಂಪ್ (ಗುಂಡು ಚೇಂಬರಿಗೆ ಹತ್ತಿಹೋಗುವ ಇಳಿಜಾರು) ಉಜ್ಜಿ ನುಣುಪು ಮಾಡಲಾ ಅಂತ ಕೇಳಿದ್ದೀರಿ. ಬೇಡ. ಉಜ್ಜಿ ತೆಗೆದ ಲೋಹ ಮತ್ತೆ ಬರುವುದಿಲ್ಲ.

ಮೊದಲು, ಗುಂಡು ತುಂಬಿ ಪಿಸ್ತೂಲಿಗೆ ತೂರಿಸುವ ಎಲ್ಲ ಮ್ಯಾಗಜಿನ್‌ಗಳ ತಳಕ್ಕೆ 1, 2, 3 ಅಂತ ಮಾರ್ಕರಿನಲ್ಲಿ ಬರೆಯಿರಿ. ಜಾಮ್ ಆದಾಗಲೆಲ್ಲ ಯಾವ ನಂಬರು, ಎಷ್ಟನೇ ಗುಂಡು ಅಂತ ಗುರುತು ಹಾಕಿಕೊಳ್ಳಿ. ನಾನು ಇದನ್ನು ಮಾಡದೆ ರಿಕಾಯಿಲ್ ಸ್ಪ್ರಿಂಗ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡನ್ನು ಮುಂದಕ್ಕೆ ತಳ್ಳುವುದು) ಬದಲಾಯಿಸಿದೆ, ಎಣ್ಣೆ ಬದಲಾಯಿಸಿದೆ, ಗುಂಡನ್ನೂ ಬದಲಾಯಿಸಿದೆ, ಎಲ್ಲಾ ಸುಮ್ನೆ. ಕೊನೆಗೆ ನಂಬರು ಹಾಕಿ ನೋಡಿದರೆ ಅಷ್ಟೂ ಜಾಮ್ 2ನೇ ಮ್ಯಾಗಜಿನ್‌ದೇ! ಯಾವಾಗಲೋ ಸಿಮೆಂಟು ನೆಲಕ್ಕೆ ಬಿದ್ದು ಬಾಯಿಯ ಒಂದು ಅಂಚು ಕೂದಲೆಳೆಯಷ್ಟು ಒಳಕ್ಕೆ ಬಾಗಿತ್ತು. ಡಮ್ಮಿ (ಮದ್ದಿಲ್ಲದ) ಗುಂಡು ತುಂಬಿ ಬೆಳಕಿಗೆ ಹಿಡಿದಾಗ ಗುಂಡಿನ ಮೂತಿ ಓರೆಯಾಗಿ ನಿಂತಿದ್ದು ಕಾಣಿಸಿತು.

ಎಲ್ಲ ಮ್ಯಾಗಜಿನ್‌ನಲ್ಲೂ ಹೀಗೇ ಆಗುತ್ತಿದ್ದರೆ, ಗುಂಡು ಹೇಗೆ ನಿಂತಿದೆ ಅಂತ ನೋಡಿ. ಮೂತಿ ಕೆಳಗೆ ಮಾಡಿ ರ‍್ಯಾಂಪಿಗೆ ಗುದ್ದಿಕೊಂಡಿದ್ದರೆ, ಅದೂ ಕೊನೆಯ ಒಂದೆರಡು ಗುಂಡಿನಲ್ಲೇ ಆದರೆ, ಮ್ಯಾಗಜಿನ್ ಸ್ಪ್ರಿಂಗ್ ಸೋತಿರುವ ಸಾಧ್ಯತೆ ಜಾಸ್ತಿ. ಗುಂಡು ಬಹುತೇಕ ಒಳಗೆ ಹೋಗಿಯೂ ಸ್ಲೈಡ್ ಚೂರು ಮುಚ್ಚದೆ ಉಳಿದರೆ ಚೇಂಬರಿನ ಕೊಳೆ, ಸಡಿಲಾದ ರಿಕಾಯಿಲ್ ಸ್ಪ್ರಿಂಗ್, ಇಲ್ಲವೇ ಅಳತೆ ಸರಿಯಿಲ್ಲದ ರೀಲೋಡ್ (ಬಳಸಿದ ತೋಟಾಕ್ಕೆ ಮತ್ತೆ ಮದ್ದು ತುಂಬಿದ) ಗುಂಡು. ಮೊದಲನೆಯ ಗುಂಡೇ ಸಿಕ್ಕಿಕೊಳ್ಳುತ್ತದಾ? ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನಕ್ಕೆ ಮುಂದೆ ಬಿಡುತ್ತಿರಬಹುದು. ಪೂರ್ತಿ ಹಿಂದಕ್ಕೆಳೆದು ಕೈ ಬಿಟ್ಟುಬಿಡಿ, ಸ್ಪ್ರಿಂಗ್ ಅದರ ಕೆಲಸ ಮಾಡಲಿ.

.22 ಪಿಸ್ತೂಲಾದರೆ ತುಂಬುವಾಗಲೇ ಎಡವಟ್ಟಾಗಬಹುದು. ಆ ತೋಟಾದ ಹಿಂದೆ ಅಂಚು ಹೊರಕ್ಕೆ ಚಾಚಿರುತ್ತದಲ್ವಾ, ಮೇಲಿನ ಗುಂಡಿನ ಅಂಚು ಕೆಳಗಿನದರ ಹಿಂದೆ ಕೂತರೆ ಮುಂದೆ ಜರುಗಲು ಬಿಡುವುದಿಲ್ಲ.

ಇನ್ನೊಂದು, ಹೇಳಿದರೆ ಬೇಜಾರಾಗಬೇಡಿ: ಮಣಿಕಟ್ಟು ಸಡಿಲ ಬಿಟ್ಟರೂ ಸ್ಲೈಡ್ ಪೂರ್ತಿ ಹಿಂದೆ ಹೋಗದಿರಬಹುದು. ಅದೇ ಪಿಸ್ತೂಲು, ಅದೇ ಗುಂಡು, ಪಳಗಿದವರ ಕೈಗೆ ಕೊಟ್ಟು ರೇಂಜಿನಲ್ಲಿ ಹೊಡೆಸಿ ನೋಡಿ.

ಜಾಮ್ ಬಿಡಿಸುವಾಗ ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಡಮ್ಮಿ ಗುಂಡಿನಲ್ಲಿ ಮಾತ್ರ. ಇಷ್ಟಕ್ಕೂ ಸರಿಹೋಗದಿದ್ದರೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ, ಮ್ಯಾಗಜಿನ್‌ಗಳನ್ನೂ ಆ ನಂಬರಿನ ಚೀಟಿಯನ್ನೂ ಜೊತೆಗೇ ಕೊಡಿ.