ಸ್ಪ್ಯಾನಿಷ್ ಕಲಿತಾಯ್ತು, ಕಲಿಸುವುದಕ್ಕೆ ಎಂ.ಎ. ಬೇಕೇ?

ಪ್ರಶ್ನೆ: ಮೇಡಂ, ನನಗೆ ಇಪ್ಪತ್ತಾರು ವರ್ಷ. ಮೂರು ವರ್ಷದ ಬಿ.ಕಾಂ. ಮುಗಿಸಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಜೆ ಹೊತ್ತು ಸ್ಪ್ಯಾನಿಷ್ ಕಲಿತು, ಕಳೆದ ವರ್ಷ ಆ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ದೆಲೆ ಪರೀಕ್ಷೆಯಲ್ಲಿ ಬಿ2 ಹಂತ ಪಾಸಾದೆ. ಈಗ ಶನಿವಾರ, ಭಾನುವಾರ ಐದಾರು ಜನಕ್ಕೆ ಹೇಳಿಕೊಡುತ್ತೇನೆ. ವಾರದಲ್ಲಿ ನನಗೆ ಜೀವ ಬಂದಂತಾಗುವುದು ಆ ಎರಡು ದಿನವೇ. ಕೆಲಸ ಬಿಟ್ಟು ಸ್ಪೇನಿನಲ್ಲಿ ಸ್ಪ್ಯಾನಿಷ್ ಬೋಧನೆಯ ಎಂ.ಎ. ಮಾಡುವ ಆಸೆ. ಹುಟ್ಟಿನಿಂದ ಆ ಭಾಷೆ ಆಡುವವರ ನಡುವೆ ನನ್ನಂಥವಳಿಗೆ ಜಾಗ ಇದೆಯೇ? ಯಾವ ಕೋರ್ಸು ನೋಡಲಿ?
— ಹೆಸರು ಬೇಡ

ಉತ್ತರ: ಜಾಗ ಇದೆ. ಆದರೆ ಬಿ2 ಹಿಡಿದು ಹೊರಡಬೇಡಿ, ಅದರ ಮುಂದಿನ ಹಂತ ಸಿ1 ಮುಗಿಸಿಕೊಂಡು ಹೋಗಿ. ಬಿ2 ಇದ್ದರೆ ಸೇರಿಸಿಕೊಳ್ಳುವ ಕಡೆ ಸಿಕ್ಕರೂ ನನ್ನ ಮಾತು ಇದೇ. ಈ ಎಂ.ಎ.ಯಲ್ಲಿ ಯಾರೂ ನಿಮಗೆ ಸ್ಪ್ಯಾನಿಷ್ ಕಲಿಸುವುದಿಲ್ಲ. ನಿಮಗೆ ಆಗಲೇ ಬರುವ ಭಾಷೆಯನ್ನು ಬರದವರ ಮುಂದೆ ಹೇಗೆ ಬಿಚ್ಚಿಡಬೇಕು ಅನ್ನುವುದನ್ನು ಕಲಿಸುತ್ತಾರೆ. ಅದು ಎಷ್ಟು ಬೇರೆ ಕೆಲಸ ಅಂತ ನನಗೆ ತಿಳಿದದ್ದು ಒಂದೇ ಒಂದು ತರಗತಿಯಲ್ಲಿ.

ಎಂ.ಎ.ಯ ಎರಡನೇ ಸೆಮಿಸ್ಟರಿನ ಬೋಧನಾ ಅಭ್ಯಾಸ. ಎದುರಿಗೆ ಎಂಟು ಜನ, ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದ ಮಾರ್ಗದರ್ಶಕಿ. ಪಾಠ ಸೇರ್ ಮತ್ತು ಎಸ್ತಾರ್. ಎರಡೂ 'ಇರು' ಅನ್ನುವ ಅರ್ಥದ ಕ್ರಿಯಾಪದಗಳು, ಎಲ್ಲಿ ಯಾವುದು ಅನ್ನುವುದೇ ತಲೆನೋವು. ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಅಂತ ನಾನು ಕಲಿತದ್ದನ್ನೇ ಬೋರ್ಡಿನ ಮೇಲೆ ಎರಡು ಕಾಲಂ ಹಾಕಿ ಬರೆದೆ. ಒಬ್ಬ ಹುಡುಗ ಕೈ ಎತ್ತಿದ. 'ಅವನು ಸತ್ತಿದ್ದಾನೆ' ಅನ್ನುವುದಕ್ಕೆ 'ಎಸ್ತಾ ಮುಯೆರ್ತೊ' ಅಂತಾರಲ್ಲ, ಸಾವು ತಾತ್ಕಾಲಿಕವೇ? ನನಗೆ ಮಾತೇ ಹೊರಡಲಿಲ್ಲ. ಆ ವಾಕ್ಯವನ್ನು ವರ್ಷಗಟ್ಟಲೆ ಸರಿಯಾಗಿಯೇ ಬಳಸಿದ್ದೆ. ಯಾಕೆ ಸರಿ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ತರಗತಿ ಮುಗಿದ ಮೇಲೆ ಮಾರ್ಗದರ್ಶಕಿ ಬೈಯಲಿಲ್ಲ, ನೋಟ್‌ಬುಕ್ ತಿರುಗಿಸಿ ನನ್ನ ಮುಂದಿಟ್ಟರು. 50 ನಿಮಿಷದಲ್ಲಿ ನಾನೊಬ್ಬಳೇ ಮಾತಾಡಿದ್ದು 38 ನಿಮಿಷ.

ಮುಂದಿನ ವಾರ ಕಾಲಂ ಹಾಕಲಿಲ್ಲ. ಮೂರು ಚಿತ್ರ ತೆಗೆದುಕೊಂಡು ಹೋದೆ: ಮುಚ್ಚಿದ ಕಿಟಕಿ, ದಣಿದ ಮುದುಕ, ಒಡೆದ ಕಪ್ಪು. ಇದಕ್ಕೆ ಮುಂಚೆ ಏನಾಯಿತು ಅಂತ ಇಬ್ಬಿಬ್ಬರೇ ಮಾತಾಡಿಕೊಳ್ಳಿ ಅಂದೆ. ಯಾರೋ ಕಿಟಕಿ ಮುಚ್ಚಿದರು, ಮುದುಕ ದಿನವಿಡೀ ನಡೆದ, ಕಪ್ಪು ಕೆಳಗೆ ಬಿತ್ತು. ಒಡೆದ ಕಪ್ಪು ಮತ್ತೆ ಕೂಡಿಕೊಳ್ಳುವುದಿಲ್ಲ, ಆದರೂ ಅದಕ್ಕೆ 'ಎಸ್ತಾ ರೋತಾ' ಅಂತ ಎಸ್ತಾರೇ ಬರುತ್ತದೆ. ಏನೋ ನಡೆದು ಅದರಿಂದ ಉಳಿದ ಸ್ಥಿತಿಗೆ ಎಸ್ತಾರ್ ಅಂತ ಅವರೇ ಕಂಡುಕೊಂಡರು. ಸಾವಿನ ಪ್ರಶ್ನೆ ಕೇಳಿದ್ದ ಹುಡುಗನೇ ಎಲ್ಲರಿಗಿಂತ ಮೊದಲು ಹೇಳಿದ. ನಾನು ಆ ದಿನ ಮೇಷ್ಟ್ರಾದೆ ಅಂತ ಇವತ್ತಿಗೂ ನಂಬಿದ್ದೇನೆ.

ಅದಕ್ಕೇ ಯಾವ ಕೋರ್ಸು ನೋಡಿದರೂ ಮೊದಲು 'ಪ್ರಾಕ್ತಿಕಾಸ್', ಅಂದರೆ ಬೋಧನಾ ಅಭ್ಯಾಸ ಅನ್ನುವ ಭಾಗ ತೆರೆದು ಓದಿ. ನೀವೇ ನಿಂತು ಪಾಠ ಮಾಡುವ ಗಂಟೆ ಎಷ್ಟು? ಹಿಂದೆ ಕೂತು ನೋಡುವವರು ಇದ್ದಾರೆಯೇ? ಬೇರೆಯವರ ಪಾಠ ನೋಡಿ ವರದಿ ಬರೆದರೆ ಮುಗಿಯಿತೇ? ಉತ್ತರ ಸಿಗದಿದ್ದರೆ ಕೋರ್ಸಿನ ಸಂಯೋಜಕರಿಗೆ ಇಮೇಲ್ ಮಾಡಿ ಕೇಳಿ, ಸಂಕೋಚ ಬೇಡ.

ಇನ್ನು ಹೆಸರುಗಳ ಗೊಂದಲ. ನಿಮಗೆ ಬೇಕಾದದ್ದು 'ಎಲೆ' ಅನ್ನುವ ಅಕ್ಷರಗಳಿರುವ ಕೋರ್ಸು, ಅಂದರೆ ವಿದೇಶಿ ಭಾಷೆಯಾಗಿ ಸ್ಪ್ಯಾನಿಷ್. (ಕನ್ನಡದವರಿಗೆ ಇದಕ್ಕಿಂತ ಸುಲಭದ ಹೆಸರು ಇನ್ನೊಂದಿಲ್ಲ.) ಸಾಲಮಾಂಕಾ, ಅಲ್ಕಲಾ, ನೆಬ್ರಿಹಾ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೋರ್ಸುಗಳಿವೆ. 'ಮಾಸ್ತೆರ್ ದೆಲ್ ಪ್ರೊಫೆಸೊರಾದೊ' ಅಂತ ಕಂಡರೆ ಮಾತ್ರ ಅರ್ಜಿ ಹಾಕಬೇಡಿ. ಅದು ಸ್ಪೇನಿನ ಪ್ರೌಢಶಾಲೆಗಳಲ್ಲಿ ಪಾಠ ಮಾಡುವವರಿಗೆ ಬೇಕಾದ ಅರ್ಹತೆ, ದಾರಿಯೇ ಬೇರೆ. ನನ್ನ ಜೊತೆ ಓದಿದವಳೊಬ್ಬಳು ಆ ಕೋರ್ಸಿಗೆ ಸೇರಿ, ಎರಡು ತಿಂಗಳಾದ ಮೇಲೆ ತಪ್ಪು ಗೊತ್ತಾಗಿ, ಒಂದಿಡೀ ವರ್ಷ ಕಳೆದುಕೊಂಡು ನಮ್ಮ ತಂಡಕ್ಕೆ ಬಂದಿದ್ದಳು.

ಎರಡನೆಯದು, 'ಮಾಸ್ತೆರ್ ಉನಿವರ್ಸಿತಾರಿಯೊ' ಮತ್ತು 'ಮಾಸ್ತೆರ್ ದೆ ಫೋರ್ಮಾಸಿಯೋನ್ ಪೆರ್ಮಾನೆಂತೆ'. ಮೊದಲನೆಯದು ಸರ್ಕಾರದ ಮಾನ್ಯತೆ ಇರುವ ಅಧಿಕೃತ ಪದವಿ, ಅದರ ಮೇಲೆ ಪಿಎಚ್‌.ಡಿ. ಮಾಡಬಹುದು. ಎರಡನೆಯದು ಆಯಾ ವಿಶ್ವವಿದ್ಯಾಲಯದ ಸ್ವಂತ ಪದವಿ. ಪಾಠ ಚೆನ್ನಾಗಿರಬಹುದು, ಆದರೆ ಅದನ್ನೇ ನೆಚ್ಚಿಕೊಂಡು ಪಿಎಚ್‌.ಡಿ.ಗೆ ಹೋಗಲಾಗದು. ನಿಮ್ಮ ವಯಸ್ಸಿಗೆ ಅಧಿಕೃತವಾದದ್ದೇ ಇರಲಿ. ಸ್ಪೇನ್ ಸರ್ಕಾರದ 'ರುಕ್ತ್' ನೋಂದಣಿಯಲ್ಲಿ ಕೋರ್ಸಿನ ಹೆಸರು ಹುಡುಕಿದರೆ ಯಾವುದು ಅಧಿಕೃತ ಅಂತ ತಿಳಿಯುತ್ತದೆ. ಸಾಮಾನ್ಯವಾಗಿ 60 ಕ್ರೆಡಿಟ್, ಒಂದು ವರ್ಷ. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಓದು ಅಂತ ಲೆಕ್ಕ, ಒಟ್ಟು 1,500 ಗಂಟೆಗೆ ಕಡಿಮೆಯಿಲ್ಲ. ಲೆಕ್ಕಪತ್ರದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ಜೊತೆಗೆ ಪೂರ್ಣಾವಧಿ ಕೆಲಸ ಸಾಧ್ಯವಿಲ್ಲ.

ನಿಮ್ಮ ಮೂರು ವರ್ಷದ ಪದವಿ ಅಲ್ಲಿನ ಪದವಿಗೆ ಸಮ ಅಂತ ಒಪ್ಪುವುದು ಆಯಾ ವಿಶ್ವವಿದ್ಯಾಲಯದ ಕೈಲಿದೆ. ಓದಿದ ದೇಶದಲ್ಲಿ ಆ ಪದವಿ ಸ್ನಾತಕೋತ್ತರಕ್ಕೆ ಅರ್ಹತೆ ಕೊಡುತ್ತದೆಯೇ ಅಂತಲೂ ನೋಡುತ್ತಾರೆ. ಭಾಷೆ ಓದದ ಬಿ.ಕಾಂ. ಅನ್ನುವುದೂ ತೊಡಕಾಗಬಹುದು. ಹಣ ಕಟ್ಟುವ ಮೊದಲೇ ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಅಂಕಪಟ್ಟಿಗೆ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶಕ್ಕೆ ದೃಢೀಕರಿಸುವ) ಮುದ್ರೆ, ಅಧಿಕೃತ ಅನುವಾದಕರಿಂದ ಸ್ಪ್ಯಾನಿಷ್ ಅನುವಾದ ಕೇಳಬಹುದು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಬೇಗ ಶುರುಮಾಡಿ.

'ನನ್ನಂಥವಳಿಗೆ' ಅಂತ ಬರೆದಿದ್ದೀರಿ. ಆ ಪದ ಓದಿ ಸಂಕಟವಾಯಿತು, ಯಾಕೆಂದರೆ ನಾನೂ ಹಾಗೇ ಕುಗ್ಗಿಕೊಂಡೇ ಹೋದವಳು. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿತ ನಾನು ಮೊದಮೊದಲು 'ಯೊ ಗುಸ್ತೊ ಎಲ್ ಮಾರ್' ಅಂತ ತಪ್ಪು ಹೇಳುತ್ತಿದ್ದೆ. ಸರಿಯಾದದ್ದು 'ಮೆ ಗುಸ್ತಾ ಎಲ್ ಮಾರ್'. ಕಡಲು ನನಗೆ ಇಷ್ಟ! 'ಮೆ ದುಯೆಲೆ ಲಾ ಕಬೇಸಾ' ಅಂದರೆ ನನಗೆ ತಲೆ ನೋಯುತ್ತಿದೆ. 'ಮೆ ಪರೇಸೆ', ನನಗೆ ಅನ್ನಿಸುತ್ತದೆ. 'ಸೆ ಮೆ ಒಲ್ವಿದೋ', ನನಗೆ ಮರೆತುಹೋಯಿತು. ಬೇರೆಯವರಿಗೆ ವಾರಗಟ್ಟಲೆ ಹಿಡಿಯುವ ಈ 'ಮೆ' ನಮಗೆ ಹುಟ್ಟಿನಿಂದ ಬಂದ 'ನನಗೆ'. ಕ್ರಿಯಾಪದದ ಕೊನೆಯಲ್ಲೇ ಕರ್ತೃ ಗೊತ್ತಾಗುವುದರಿಂದ 'ನಾನು' ಬಿಟ್ಟು ಮಾತಾಡುವುದೂ ಎರಡು ಭಾಷೆಗೂ ಇದೆ. 'ಬೊಯ್' ಅಂದರೂ 'ಹೋಗುತ್ತೇನೆ' ಅಂದರೂ ಹೋಗುವವರು ಯಾರು ಅಂತ ಕೇಳಬೇಕಿಲ್ಲ. ಹಾಗಂತ ಎಲ್ಲ ಕಡೆ ಹೊಂದುವುದಿಲ್ಲ. 'ನನಗೆ ಹಸಿವಾಗಿದೆ' ಅನ್ನುವಲ್ಲಿ ಅವರು 'ತೆಂಗೊ ಆಂಬ್ರೆ' ಅನ್ನುತ್ತಾರೆ, ಹಸಿವನ್ನು ಹೊಂದಿದ್ದೇನೆ ಅಂತ. ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೇ ನಾನು ಕೊನೆಯ ಪ್ರಬಂಧಕ್ಕೆ ಆರಿಸಿಕೊಂಡೆ. ಸ್ಪ್ಯಾನಿಷಿನಲ್ಲೇ ಹುಟ್ಟಿ ಬೆಳೆದ ಸಹಪಾಠಿಗಳು ನನ್ನ ಟಿಪ್ಪಣಿ ಕೇಳಿಕೊಂಡು ಬಂದರು. ಯಾವ ಮೆಟ್ಟಿಲಲ್ಲಿ ಕಾಲು ಜಾರುತ್ತದೆ ಅಂತ ಹತ್ತಿದವರಿಗೇ ಗೊತ್ತು, ಅವರು ಆ ಮೆಟ್ಟಿಲು ಹತ್ತಿರಲೇ ಇಲ್ಲ.

ಈಗಿನಿಂದಲೇ ಒಂದು ಕೆಲಸ ಮಾಡಿ. ಶನಿವಾರದ ನಿಮ್ಮ ಐದಾರು ಜನ ಮಾಡುವ ತಪ್ಪುಗಳನ್ನು ದಿನಾಂಕ ಹಾಕಿ, ಅವರು ಆಡಿದ ಹಾಗೇ ಬರೆದಿಡಿ. ಪ್ರವೇಶದ ಪತ್ರಕ್ಕೂ ಆಗುತ್ತದೆ, ಪ್ರಬಂಧಕ್ಕೂ ಆಗುತ್ತದೆ.

ಪ್ರಶ್ನೆ: ಇದೇ ಎಂ.ಎ.ಯನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡಿದರೆ ಬೆಲೆ ಇದೆಯೇ? ದೆಲೆ ಬದಲು ಸಿಯೆಲೆ ಪರೀಕ್ಷೆ ಬರೆಯಬಹುದೇ?
— ಇಬ್ಬರು ಮಕ್ಕಳ ತಾಯಿ

ಉತ್ತರ: ಅಧಿಕೃತ ಪದವಿಯಾದರೆ ಆನ್‌ಲೈನ್ ಆದರೂ ಅದು ಅಧಿಕೃತವೇ. ಬೋಧನಾ ಅಭ್ಯಾಸವನ್ನು ನಿಮ್ಮ ಊರಿನಲ್ಲೇ ಮಾಡಲು ಬಿಡುತ್ತಾರೆಯೇ ಅಂತ ಮೊದಲು ಕೇಳಿ. ಸಿಯೆಲೆ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ದೆಲೆಗೆ ಅವಧಿಯೇ ಇಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ ಅಂತ ಕೋರ್ಸನ್ನು ಮುಂದಕ್ಕೆ ಹಾಕುವ ಯೋಚನೆ ಇದ್ದರೆ ದೆಲೆಯನ್ನೇ ಬರೆಯಿರಿ.